ರಸ್ತೆಯ ಮೇಲೆ ಉಳಿದ ಅರ್ಧ ಬೀಸುಕಲ್ಲು

ನಾನು ಸಿಟ್ಟಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ನಮ್ಮ ಶಾಲೆಯ ಯಾವ ಮಗುವನ್ನು ಕೇಳಿದರೂ ನನ್ನ ಬಗ್ಗೆ ಅದು ಹೇಳುವ ಮೊದಲ ಮಾತು ಅದೇ. ಚಿಕ್ಕೋಡಿಯಿಂದ ರಾಯಬಾಗದ ಕಡೆಗೆ ಹೋಗುವಾಗ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ಊರಿನ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕ. ಊರವರ ಬಾಯಲ್ಲಿ ಪಿ.ಟಿ. ಮಾಸ್ತರ.

ನಾನು ಈ ಶಾಲೆಗೆ ಬಂದಾಗ ಕಟ್ಟಡದ ಹಿಂದಿನ ಜಾಗದಲ್ಲಿ ಜಾಲಿಕಂಟಿ ಬೆಳೆದಿತ್ತು. ಮಕ್ಕಳನ್ನು ಕಟ್ಟಿಕೊಂಡು ಅದನ್ನು ಕಡಿಸಿದೆ, ಕೆಂಪು ಮಣ್ಣು ಹಾಕಿಸಿದೆ, ನೀರು ಹೊಡೆದು ರೋಲರ್ ಎಳೆದೆ. ವರ್ಷಗಟ್ಟಲೆ, ಪ್ರತಿ ಶನಿವಾರ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಈ ತುದಿಯಿಂದ ಆ ತುದಿಯವರೆಗೆ ಕಲ್ಲು ಆಯಿಸಿದ್ದೇನೆ. ಖೋ ಖೋ ಆಡುವವರು ಬರಿಗಾಲಲ್ಲಿ ಓಡುತ್ತಾರೆ, ಬೀಳುತ್ತಾರೆ. ಕಡಲೆಕಾಳಿನಷ್ಟು ಹರಳು ಕಂಡರೂ ನಾನು ಕೂಗಾಡುತ್ತಿದ್ದೆ. ಗ್ರೌಂಡಿನ ಮೇಲೆ ಕೋಳಿ ಹಾದರೂ ಮಾಸ್ತರ ಸೀಟಿ ಊದುತ್ತಾನೆ ಎಂದು ಊರು ನಗುತ್ತಿತ್ತು. ನಗಲಿ ಎಂದು ಬಿಟ್ಟಿದ್ದೆ. ಅಥಣಿಯಲ್ಲಿ ಚಳಿಗಾಲದಲ್ಲಿ ನಡೆಯುವ ಪಂದ್ಯಾವಳಿಗೆ ನಮ್ಮ ಹುಡುಗಿಯರು ಪ್ರತಿ ವರ್ಷ ಹೋಗಿ ಬರುತ್ತಿದ್ದರು, ಮತ್ತು ಅವರು ಯಾವ ಊರಿನವರು ಎಂದು ಅಲ್ಲಿ ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಗ್ರೌಂಡಿನ ಕಲ್ಲು ಆಯಿಸಿದ ಈ ಮಾಸ್ತರನ ಕಲ್ಲೇ ಒಂದು ದಿನ ರಸ್ತೆಯ ಮೇಲೆ ಉಳಿಯಿತು. ಅದರ ಕಥೆ ಇದು.

ನಮ್ಮ ಕಡೆ ಈಗ ಯಾರ ಹೊಲದಲ್ಲೂ ಕಣ ಇಲ್ಲ. ನಾನು ಚಿಕ್ಕವನಿದ್ದಾಗ ಪ್ರತಿ ಹೊಲದ ಮೂಲೆಯಲ್ಲಿ ಸೆಗಣಿ ಸಾರಿಸಿದ ಒಂದು ಕಣ ಇರುತ್ತಿತ್ತು. ಕಾಳು ಒಕ್ಕುವುದು, ತೂರುವುದು, ಒಣಗಿಸುವುದು ಎಲ್ಲ ಅಲ್ಲೇ. ಆಮೇಲೆ ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬು ಕಣವನ್ನೂ ಬಿಡಲಿಲ್ಲ. ಆದರೂ ಒಂದಿಷ್ಟು ಸೋಯಾಬೀನ್, ಒಂದಿಷ್ಟು ಗೋವಿನಜೋಳವನ್ನು ಎಲ್ಲರೂ ಬಿತ್ತುತ್ತಾರೆ. ಒಣಗಿಸುವುದು ಎಲ್ಲಿ? ಊರಿನಿಂದ ತೋಟಗಳ ಕಡೆಗೆ ಹೋಗುವ ಡಾಂಬರು ರಸ್ತೆ ಇದೆಯಲ್ಲ, ಅಲ್ಲಿ. ಕಪ್ಪು ಡಾಂಬರು ಚೆನ್ನಾಗಿ ಕಾಯುತ್ತದೆ, ಮನೆಯ ಮುಂದೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿ ಮೇಲೆ ಹಾಕಿದ್ದಕ್ಕಿಂತ ಒಂದು ದಿನ ಮೊದಲೇ ಕಾಳು ಗರಿಗರಿಯಾಗುತ್ತದೆ. ರಸ್ತೆಯ ಅರ್ಧಕ್ಕೆ ಕಾಳು ಹರಡಿ, ಗಾಡಿಗಳು ಮೇಲೆ ಹಾಯದಿರಲಿ ಎಂದು ಅಂಚಿಗೆ ದೊಡ್ಡ ದೊಡ್ಡ ಕಲ್ಲು ಇಡುತ್ತಾರೆ. ಸಂಜೆ ಕಾಳು ಚೀಲಕ್ಕೆ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ನಾಳೆ ಮತ್ತೆ ಬೇಕಲ್ಲ ಎಂಬ ಲೆಕ್ಕ. ಸುಗ್ಗಿ ಮುಗಿದ ಮೇಲೂ ಅದನ್ನು ಎತ್ತಿಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ನನಗೂ ತಂದೆಯಿಂದ ಬಂದ ಎರಡು ಎಕರೆ ಇದೆ. ಆ ವರ್ಷ ಸೋಯಾಬೀನ್ ಹಾಕಿದ್ದೆ. ಎಲ್ಲರಂತೆ ನಾನೂ ರಸ್ತೆಯ ಮೇಲೆ ಹರಡಿದೆ, ಎಲ್ಲರಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟೆ. ಅವುಗಳಲ್ಲಿ ಒಂದು ನಮ್ಮ ಅವ್ವ ಬೀಸುತ್ತಿದ್ದ ಬೀಸುಕಲ್ಲಿನ ಅರ್ಧ ಹೋಳು. ಅದು ಎಂದೋ ಒಡೆದು ಎರಡಾಗಿತ್ತು. ಒಂದು ಹೋಳು ನಮ್ಮ ಬಚ್ಚಲಿನ ಬಳಿ ಬಟ್ಟೆ ಒಗೆಯಲು, ಇನ್ನೊಂದು ಹೀಗೆ ಹೊಲದ ಕೆಲಸಕ್ಕೆ. ಮೂರನೆಯ ದಿನ ಸಂಜೆ ಮೋಡ ಕವಿಯಿತು. ನಾನೂ ಹೆಂಡತಿಯೂ ಅವಸರದಲ್ಲಿ ಕಾಳು ತುಂಬಿದೆವು. ಮೂರು ಕಲ್ಲು ಎತ್ತಿ ಬದುವಿಗೆ ಎಸೆದದ್ದು ನೆನಪಿದೆ. ನಾಲ್ಕನೆಯದು ಹೊಟ್ಟಿನ ಗುಡ್ಡೆಯ ಕೆಳಗೆ ಉಳಿಯಿತು.

ಮರುದಿನ ಬೆಳಗ್ಗೆ ಮಂಜು ಬಿದ್ದಿತ್ತು. ಅಭ್ಯಾಸ ಆರು ಗಂಟೆಗೆ. 'ಆರಕ್ಕೆ ಬರದವರು ಟೀಮಿನಲ್ಲಿ ಇಲ್ಲ' ಎಂಬುದು ನನ್ನ ಕಾಯಿದೆ, ಅದನ್ನು ನಾನು ಅಲ್ಲಿಯವರೆಗೆ ಯಾರಿಗೂ ಸಡಿಲ ಮಾಡಿದವನಲ್ಲ. ನಮ್ಮ ತಂಡದ ನಾಯಕಿ ಹತ್ತನೆಯ ತರಗತಿಯ ಹುಡುಗಿ. ಅವರ ಮನೆ ತೋಟದಲ್ಲಿ, ಶಾಲೆಗೆ ಸೈಕಲ್ ಮೇಲೆ ಅರ್ಧ ತಾಸಿನ ದಾರಿ. ಒಮ್ಮೆಯೂ ತಡ ಮಾಡಿದವಳಲ್ಲ. ಆ ದಿನ ಆರು ಹೊಡೆಯಿತು, ಆರೂಕಾಲು ಆಯಿತು, ಅವಳು ಬರಲಿಲ್ಲ. ನಾನು ಗಡಿಯಾರ ನೋಡಿ ಗೊಣಗಿದೆ. ಬಾಕಿ ಹುಡುಗಿಯರ ಮುಂದೆ, 'ನಾಯಕಿ ಆದ್ರ ಕೊಂಬು ಬರತಾವೇನು?' ಎಂದೂ ಅಂದೆ. ಆ ಮಾತು ಈಗಲೂ ನನಗೆ ಚುಚ್ಚುತ್ತದೆ.

ಅಷ್ಟು ಹೊತ್ತಿಗೆ ಅವಳು, ಮಂಜಿನಲ್ಲಿ ಕಾಣದ ಕಲ್ಲಿಗೆ ಸೈಕಲ್ ಬಡಿದು ಬಿದ್ದು, ಮುರಿದ ಕೈ ಹಿಡಿದುಕೊಂಡು ರಸ್ತೆಯ ಬದಿಗೆ ಕುಳಿತಿದ್ದಳು. ಹಾಲಿನ ಗಾಡಿಯವನು ನೋಡಿ ಚಿಕ್ಕೋಡಿಯ ದವಾಖಾನೆಗೆ ಕರೆದುಕೊಂಡು ಹೋದ. ಎಡಗೈ ಎರಡು ಕಡೆ ಮುರಿದಿತ್ತು, ಹಣೆಗೆ ಹೊಲಿಗೆ ಬಿದ್ದವು.

ಮೂರನೆಯ ದಿನ ಅವಳ ಅಪ್ಪ ಶಾಲೆಗೆ ಬಂದ. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರ್, ಮಾತು ಕಡಿಮೆ. ಹೆಗಲ ಮೇಲಿನ ಚೀಲವನ್ನು ಹೆಡ್ ಮೇಡಂ ಅವರ ಟೇಬಲ್ ಮೇಲೆ ಇಳಿಸಿ ಬಾಯಿ ಬಿಚ್ಚಿದ. ಒಳಗಿನಿಂದ ಅರ್ಧ ಬೀಸುಕಲ್ಲು ಉರುಳಿತು.

'ಇದು ಯಾರದು ಅಂತ ನಂಗ ಗೊತ್ತಿಲ್ರಿ,' ಎಂದ. 'ಗೊತ್ತು ಮಾಡಿಕೊಂಡು ಜಗಳಾ ಮಾಡಾಕ ಬಂದಿಲ್ಲ. ಒಂದ ಮಾತು ಹೇಳಿ ಹೋಗ್ತೀನಿ. ಆ ರಸ್ತಾ ಸ್ವಚ್ಛ ಆಗೂತನಕ ನನ್ನ ಮಗಳು ಸಾಲಿಗೆ ಬರೂದಿಲ್ಲ. ಪ್ಲಾಸ್ಟರ್ ತಗದ ಮ್ಯಾಲೂ ಬರೂದಿಲ್ಲ.'

ಮೇಡಂ ಎಷ್ಟೋ ಹೇಳಿದರು. ಹತ್ತನೆಯ ತರಗತಿ, ಪರೀಕ್ಷೆ ಇದೆ, ಕ್ಲಾಸಿನಲ್ಲಿ ಮುಂದಿರುವ ಹುಡುಗಿ ಎಂದರು. ಅವನು ತಲೆ ಅಲ್ಲಾಡಿಸಿದ. ಕಬ್ಬಿನ ಹಂಗಾಮು ಶುರುವಾದರೆ ತಾನು ಬೆಳಗಿನಿಂದ ಟ್ರ್ಯಾಕ್ಟರಿನ ಮೇಲೆ, ಅವಳನ್ನು ಬಿಟ್ಟು ಬರುವವರು ಯಾರೂ ಇಲ್ಲ, ಆ ಹೊತ್ತಿಗೆ ಬಸ್ಸೂ ಇಲ್ಲ. ಆ ರಸ್ತೆಯ ಮೇಲೆ ಲೋಡು ತುಂಬಿದ ಗಾಡಿಗಳು ಹೇಗೆ ಓಡುತ್ತವೆ ಎಂದು ತನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಎಂದ. 'ಈ ಸಲ ಕೈ ಹೋತು. ಹಿಂದ ಟ್ರ್ಯಾಕ್ಟರ್ ಇದ್ದಿದ್ರ?' ಎಂದು ಎದ್ದು ಹೋದ.

ನಾನು ಅಲ್ಲೇ ಬಾಗಿಲ ಬಳಿ ನಿಂತಿದ್ದೆ. ಕಲ್ಲು ನೋಡಿದ ಕ್ಷಣವೇ ಗುರುತು ಹಿಡಿದಿದ್ದೆ. ಅವ್ವ ಕಾಳು ಸುರಿಯುತ್ತಿದ್ದ ನಡುವಿನ ತೂತಿನ ಅರ್ಧ ವೃತ್ತ, ಅಂಚಿಗೆ ಹಿಡಿಕೆಯ ಗುಳಿ. ಬಾಯಿ ಬಿಡಲಿಲ್ಲ. ಮೇಡಂ ಅದನ್ನು ಎತ್ತಿಸಿ ಬೇವಿನ ಮರದ ಕೆಳಗೆ ಇಡಿಸಿದರು.

ಮನೆಗೆ ಬಂದರೆ ಹೆಂಡತಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅವಳು ನಿಪ್ಪಾಣಿಯವಳು, ಮರಾಠಿಯಲ್ಲಿ ಸಿಟ್ಟಾಗಿ ಕನ್ನಡದಲ್ಲಿ ತಣ್ಣಗಾಗುತ್ತಾಳೆ. ಆ ದಿನ ಎರಡೂ ಆಗಲಿಲ್ಲ. ಬಚ್ಚಲಿನ ಬಳಿ ಇದ್ದ ಇನ್ನೊಂದು ಹೋಳಿನ ಮೇಲೆ ಬಟ್ಟೆ ಒಗೆಯುತ್ತಾ ತಲೆ ಎತ್ತದೆ ಕೇಳಿದಳು: 'ಅಹೋ, ಆ ಕಲ್ಲು ನಮ್ದ ಅಲ್ಲೇನ್ರಿ?' ನಾನು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೊರಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ.

ಆ ವಾರ ಹತ್ತನೆಯ ತರಗತಿಯ ಮಕ್ಕಳು ತಾವಾಗಿಯೇ ಮೇಡಂ ಬಳಿ ಹೋಗಿ, 'ಏನಾರ ಮಾಡೂನ್ರಿ ಮೇಡಂ, ಅಕೀ ಸಾಲಿ ಬಿಡಬಾರ್ದು' ಎಂದರು. ಮೇಡಂ ಆ ಕೆಲಸವನ್ನು ನನಗೆ ಒಪ್ಪಿಸಿದರು. ರಸ್ತೆಯ ಕಲ್ಲುಗಳನ್ನೆಲ್ಲ ಎತ್ತಿ ತರೋಣ, ಯಾರದು ಎಂದು ಮನೆಮನೆಗೆ ಹೋಗಿ ಕೇಳೋಣ ಎಂದು ಮಕ್ಕಳ ಯೋಚನೆ. ಯಾರದು ಎಂಬ ಮಾತು ಬಂದೊಡನೆ ನಾನು ಅಡ್ಡ ಬಾಯಿ ಹಾಕಿದೆ. 'ಬ್ಯಾಡ, ಊರಾಗ ಮನಸ್ತಾಪ ಆಗತೈತಿ,' ಎಂದೆ. 'ಕಲ್ಲಿಗೆ ಸುಣ್ಣಾ ಬಳಿಯೂನು. ಮಂಜಿನ್ಯಾಗೂ ದೂರದಿಂದ ಕಾಣಸ್ತಾವು.' ಗ್ರೌಂಡಿಗೆ ಗೆರೆ ಹಾಕುವ ಸುಣ್ಣ ನನ್ನ ಬಳಿ ಹೇಗೂ ಇತ್ತು. ಮಕ್ಕಳು ನನ್ನ ಮಾತು ನಂಬಿದರು.

ಎರಡು ದಿನ ಬಕೆಟ್ಟು ಹಿಡಿದು ರಸ್ತೆಯುದ್ದಕ್ಕೂ ನಡೆದೆವು. ಕಲ್ಲುಗಳೆಲ್ಲ ಬೆಳ್ಳಗಾದವು, ನೋಡಲು ಚೆಂದ ಕಂಡವು. ಮೂರನೆಯ ದಿನ ಊರಿನ ಹಿರಿಯ ರೈತರೊಬ್ಬರು ಎತ್ತಿನ ಗಾಡಿ ಹೂಡಿಕೊಂಡು ಶಾಲೆಗೆ ಬಂದರು. ದೊಡ್ಡ ದನಿಯ ಮನುಷ್ಯ, ಊರಿಗೆಲ್ಲ ಕಾಕಾ.

'ಮಾಸ್ತರ, ಹುಡುಗೂರು ಭಾಳ ಚಲೋ ಕೆಲಸಾ ಮಾಡ್ಯಾರ. ಸರ್ಕಾರಿ ಕಲ್ಲ ಇದ್ದಂಗ ಕಾಣಾಕತ್ತಾವು. ಗಾಡಿ ಮಂದಿ ತಾವ ದೂರ ಸರದು ಹೋಗತಾರ. ನಂದೂ ಎಂಟು ಕಲ್ಲು ತಂದೀನಿ, ಇವಕ್ಕೂ ಬಳದು ಕೊಡ್ರಿ.'

ಕಾಕಾ ಗಾಡಿಯಿಂದ ಕಲ್ಲು ಇಳಿಸಿ ಸಾಲಾಗಿ ಇಟ್ಟರು. ಮರುದಿನ ಇನ್ನಿಬ್ಬರು ಬಂದರು. ಮೊದಲು ಅರ್ಧ ರಸ್ತೆಗೆ ಹರಡುತ್ತಿದ್ದ ಕಾಳು ಈಗ ಬಿಳಿ ಕಲ್ಲಿನ ಧೈರ್ಯದಿಂದ ಇನ್ನೊಂದು ಮಾರು ಮುಂದಕ್ಕೆ ಬಂದಿತ್ತು. ರಸ್ತೆಯನ್ನು ಕಾಪಾಡಲು ಹೊರಟವರು ಕಾಳಿಗೆ ಕಾಂಪೌಂಡು ಕಟ್ಟಿಕೊಟ್ಟಿದ್ದೆವು. ನಮ್ಮ ತಂಡದಲ್ಲೇ ಕುಳ್ಳಿಯಾದ, ಎರಡು ಜಡೆಯ ಎಂಟನೆಯ ತರಗತಿಯ ಹುಡುಗಿ ಅದನ್ನು ನೋಡಿ ಬಂದು ನನ್ನ ಎದುರಿಗೇ ಹೇಳಿದಳು: 'ಸರ್, ನಿಮ್ಮ ಐಡಿಯಾ ಕೆಟ್ಟತ್ರಿ.' ಬೇರೆ ದಿನವಾಗಿದ್ದರೆ ಗ್ರೌಂಡಿಗೆ ಐದು ಸುತ್ತು ಹೊಡೆಸುತ್ತಿದ್ದೆ.

ಅವಳೇ ಆಮೇಲೆ ಇನ್ನಿಬ್ಬರನ್ನು ಕರೆದುಕೊಂಡು ಕಾಕಾನ ಮನೆಗೆ ಹೋದಳು. ಬೈಯಲು ಅಲ್ಲ, ಕೇಳಲು. ರಸ್ತೆ ಬಿಟ್ಟರೆ ಎಲ್ಲಿ ಹಾಕುತ್ತೀರಿ ಎಂದು ಕೇಳಿದ್ದಕ್ಕೆ ಕಾಕಾ, 'ನಿನ್ನ ತಲಿ ಮ್ಯಾಲ ಹಾಕ್ಲೇನು?' ಎಂದು ನಕ್ಕರಂತೆ. ಆ ಉತ್ತರವನ್ನು ಅವಳು ನಗೆ ಎಂದುಕೊಳ್ಳಲಿಲ್ಲ. ಹತ್ತು ಮನೆ ತಿರುಗಿ ಅದೇ ಕೇಳಿದಳು. ಎಲ್ಲರದೂ ಒಂದೇ ಮಾತು: ಜಾಗ ಇಲ್ಲ. ಮಕ್ಕಳು ಮೇಡಂಗೆ ಹೇಳಿ ಊರವರನ್ನು ಶಾಲೆಗೆ ಕರೆಸಿದರು. ಪ್ರತಿಯೊಬ್ಬರೂ ತಮ್ಮ ಮನೆಯ ಒಬ್ಬ ಹಿರಿಯರನ್ನು ಕೈ ಹಿಡಿದು ಕರೆತರಬೇಕೆಂದು ಅವರೇ ಗೊತ್ತು ಮಾಡಿಕೊಂಡಿದ್ದರು. ಭಾನುವಾರ ಡೇರಿಗೆ ಹಾಲು ಹಾಕಿ ಮುಗಿಸಿ ಎಲ್ಲರೂ ಬಂದರು. ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಚಿ ದೊಡ್ಡವರು ಕುಳಿತರು. ನಾಯಕಿಯ ಅಪ್ಪ ಒಳಗೆ ಬರದೆ ಹೊಸ್ತಿಲ ಬಳಿ ನಿಂತ.

ಮೊದಲು ಎಲ್ಲರೂ ಒಟ್ಟಿಗೆ ಮಾತಾಡಿದರು. ಕೊನೆಗೆ ಕಾಕಾ ಎದ್ದು, 'ಒಂದ ಕಲ್ಲಿನ ಸಲುವಾಗಿ ಊರಿಗೆಲ್ಲಾ ಯಾಕ ಅಂತೀರಿ? ಆ ಕಲ್ಲು ಯಾವ ಹುಂಬಂದೋ, ಅವನ್ನ ಹುಡುಕಿ ಕೇಳ್ರಿ. ನಾವು ರೈತರು ಎಲ್ಲಿ ಹೋಗೂನು?' ಎಂದರು.

ಆಗ ಎಂಟನೆಯ ತರಗತಿಯ ಅದೇ ಹುಡುಗಿ ಎದ್ದು ನಿಂತಳು. 'ಗ್ರೌಂಡಿಗೆ ಬರ್ರಿ,' ಎಂದಳು. 'ನಮ್ಮ ಗ್ರೌಂಡ್ ದೊಡ್ಡದು ಐತಿ. ಸುಗ್ಗಿ ಮುಗಿಯೂತನಕ ಅಲ್ಲೇ ಒಣಗಿಸ್ರಿ. ನಾವು ಕಾಯ್ತೀವಿ.'

ಹಾಲ್ ತುಂಬ ನಗು. 'ಏ ತಂಗಿ, ಮಾಸ್ತರು ಬಿಡ್ತಾರೇನ? ಕೋಳಿಗೆ ಸೀಟಿ ಊದೂ ಮನಷ್ಯಾ ಅಂವಾ!' ಎಂದರು ಕಾಕಾ. ಎಲ್ಲರ ಕಣ್ಣೂ ನನ್ನ ಮೇಲೆ. ಸತ್ಯ ಹೇಳುತ್ತೇನೆ, ಅವಳು ಗ್ರೌಂಡ್ ಎಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಕೆಂಪು ಮಣ್ಣಿನ ಮೇಲೆ ಗೋವಿನಜೋಳ! ಅಥಣಿಗೆ ಹೋಗಲು ಇನ್ನು ಎಷ್ಟು ದಿನ ಉಳಿದಿದ್ದವು? ಬೇಡ ಎನ್ನಲು ಬಾಯಿ ತೆರೆದೆ. ಎದುರಿಗೆ ಹೊಸ್ತಿಲಿನ ಬಳಿ ಕೈ ಮುರಿದ ಹುಡುಗಿಯ ಅಪ್ಪ ನನ್ನನ್ನೇ ನೋಡುತ್ತಿದ್ದ.

ಹೊರಗೆ ಹೋಗಿ ಬೇವಿನ ಮರದ ಕೆಳಗಿನ ಕಲ್ಲನ್ನು ಎತ್ತಿಕೊಂಡು ಬಂದೆ. ಅದು ಭಾರ. ಮೇಜಿನ ಮೇಲೆ ಇಟ್ಟೆ.

'ಕಾಕಾ, ಆ ಹುಂಬ ನಾನು,' ಎಂದೆ. 'ಇದು ನಮ್ಮ ಅವ್ವನ ಬೀಸೂ ಕಲ್ಲು. ಇನ್ನೊಂದು ಹೋಳು ನಮ್ಮ ಬಚ್ಚಲದಾಗ ಐತಿ. ಕಾಳು ತುಂಬಿಕೊಂಡು ಹೋದೆ, ಕಲ್ಲು ಬಿಟ್ಟು ಹೋದೆ. ಆರಕ್ಕ ಬಾ ಅಂತ ಅಕೀನ್ನ ಕರದಾಂವನೂ ನಾನ.'

ಕಾಕಾ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಮಕ್ಕಳ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಪ್ರತಿ ಶನಿವಾರ ಹರಳು ಆಯಿಸಿದವನ ಮುಖ ಅವರಿಗೆ ಹೇಗೆ ಕಂಡಿತೋ. ಮೊದಲು ಮಾತಾಡಿದವಳು ಎರಡು ಜಡೆಯ ಹುಡುಗಿಯೇ. ಅವಳಿಗೆ ನನ್ನ ನಾಚಿಕೆಗಿಂತ ಕೆಲಸ ಮುಖ್ಯವಾಗಿತ್ತು.

'ಹಂಗಾದ್ರ ಗ್ರೌಂಡ್ ಕೊಡ್ತೀರಲ್ರಿ ಸರ್?'

'ಕೊಡ್ತೀನವ್ವ,' ಎಂದೆ.

ತಿರುಗಿ ನೋಡಿದರೆ ಹೊಸ್ತಿಲ ಬಳಿ ಯಾರೂ ಇರಲಿಲ್ಲ. ಆ ಸಂಜೆಯೇ ಹೆಂಡತಿಯನ್ನು ಕರೆದುಕೊಂಡು ನಾಯಕಿಯ ತೋಟದ ಮನೆಗೆ ಹೋದೆ. ಅವಳ ಅಪ್ಪ ಟ್ರ್ಯಾಕ್ಟರ್ ತೊಳೆಯುತ್ತಿದ್ದ. ತಪ್ಪಾಯಿತು ಎಂದೆ. ನೀರಿನ ಪೈಪನ್ನು ಕೆಳಗೆ ಹಾಕಿ, ಹೋಗಿ ನಲ್ಲಿ ನಿಲ್ಲಿಸಿ ಬಂದ. 'ಹೋದ ವರ್ಷ ಅದ ರಸ್ತಾದ ಮ್ಯಾಲ ನಾನೂ ಗೋವಿನಜೋಳ ಹಾಕಿದ್ದೆ,' ಎಂದ ಆಮೇಲೆ. 'ಕಲ್ಲು ಎತ್ತಿದ್ನೋ ಇಲ್ಲೋ, ನೆನಪಿಲ್ಲ. ಮಾತು ಸಾಕ್ರಿ ಮಾಸ್ತರ. ಸ್ವಚ್ಛ ಆದ ರಸ್ತಾ ತೋರಸ್ರಿ.' ಒಳಗಿನಿಂದ ಹುಡುಗಿ ಬಾಗಿಲಿಗೆ ಬಂದಳು. ಕೊರಳಿಗೆ ಜೋತುಬಿದ್ದ ಬಿಳಿ ಕೈ, ಹಣೆಯ ಮೇಲೆ ಪಟ್ಟಿ. ನಾನು ಅವಳಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಹೊರಡಲಿಲ್ಲ. ಅವಳೇ ಕೇಳಿದಳು: 'ಪ್ರಾಕ್ಟೀಸ್ ನಡದೈತೇನ್ರಿ ಸರ್?' ನಡೆದಿದೆ ಎಂದೆ. ನನ್ನ ಹೆಂಡತಿ ಅವಳ ತಲೆ ಸವರಿದಳು, ನಾವು ಹಿಂದಿರುಗಿದೆವು.

ಮರುದಿನ ಸುಣ್ಣದ ಡಬ್ಬಿ ಹಿಡಿದು ಗ್ರೌಂಡಿಗೆ ಇಳಿದೆ. ಖೋ ಖೋ ಅಂಕಣಕ್ಕೆ ಗೆರೆ ಹಾಕಿದ ಕೈಯಿಂದಲೇ ಕಾಳಿಗೆ ಅಂಕಣ ಹಾಕಿದೆ, ಒಂದೊಂದು ಮನೆಗೆ ಒಂದೊಂದು. ಊರಿನ ಹೆಂಗಸರು ಬಂದು ಸೆಗಣಿ ನೀರು ಹೊಡೆದು ಸಾರಿಸಿದರು. ಎಷ್ಟೋ ವರ್ಷಗಳ ಮೇಲೆ ಊರಿಗೆ ಒಂದು ಕಣ ಬಂತು. ಮಕ್ಕಳು ಕರಾರು ಹಾಕಿದರು: ಇಬ್ಬನಿ ಆರುವ ತನಕ, ಅಂದರೆ ಒಂಬತ್ತರವರೆಗೆ ಒಂದು ಬದಿ ಆಟಕ್ಕೆ. ಆಮೇಲೆ ಪೂರ್ತಿ ಕಾಳಿಗೆ. ಸಂಜೆ ರೈತರು ರಾಶಿ ಮಾಡಿ ಮುಚ್ಚಿ, ಆಟದ ಬದಿಯನ್ನು ಗುಡಿಸಿ ಹೋಗಬೇಕು. ಹೀಗೆ ನನ್ನ ಹತ್ತಿರ ಬೈಸಿಕೊಂಡ ಮಕ್ಕಳೇ ಕಾಕಾನನ್ನು ನಿಲ್ಲಿಸಿ, 'ಈ ಮೂಲಿ ಗುಡಿಸಿಲ್ರಿ' ಎನ್ನುವುದನ್ನು ಕಣ್ಣಾರೆ ಕಂಡೆ. ಕಾಕಾ ಬಗ್ಗಿ ಗುಡಿಸುವುದನ್ನೂ ಕಂಡೆ.

ಒಣಗುವ ಕಾಳನ್ನು ಆಗಾಗ ತಿರುವಬೇಕು. ಅದಕ್ಕೆ ನಮ್ಮ ಕಡೆ ಬರಿಗಾಲಿನಲ್ಲಿ ಕಾಳಿನ ನಡುವೆ ಕಾಲೆಳೆಯುತ್ತಾ ನಡೆಯುತ್ತಾರೆ, ನೇಗಿಲು ಹೊಡೆದಂತೆ ಸಾಲು ಬೀಳುತ್ತದೆ. ಮಕ್ಕಳು ಬಿಡುವಿನಲ್ಲಿ ಆ ಕೆಲಸ ತಮ್ಮದೆಂದು ಹಿಡಿದರು. ಕಾಲಿಗೆ ಒಳ್ಳೆಯ ಕಸರತ್ತು ಎಂದು ನಾನೂ ಬಿಟ್ಟೆ.

ಗ್ರೌಂಡು ದೂರವಾಗುವ ತೋಟದವರು ಕೆಲವರಿದ್ದರು. ಅವರಿಗೆ ರಸ್ತೆ ಬಿಡಲು ಆಗಲಿಲ್ಲ. ಅವರಿಗಾಗಿ ಮಕ್ಕಳು ಬೇರೆ ದಾರಿ ಹಿಡಿದರು. ಶಾಲೆ ಬಿಟ್ಟು ಸೈಕಲ್ ಮೇಲೆ ಮನೆಗೆ ಹೋಗುವವರು ದಾರಿಯಲ್ಲಿ ಯಾರು ಸಿಕ್ಕರೂ ಒಂದೇ ಮಾತು ಕೇಳುವುದು: 'ಕಲ್ಲು ಎತ್ತಿದ್ರೇನ್ರಿ?' ಅಜ್ಜ, ಅಜ್ಜಿ, ಸೋದರಮಾವ, ಯಾರನ್ನೂ ಬಿಡಲಿಲ್ಲ. ಮೊದಲು ಜನ ರೇಗಿದರು. ಆಮೇಲೆ ನಕ್ಕರು. ಆಮೇಲೆ ತಾವೇ ಒಬ್ಬರನ್ನೊಬ್ಬರು ಕೇಳತೊಡಗಿದರು. ಊಟ ಆಯಿತೇ ಎಂದು ಕೇಳುವ ಜಾಗದಲ್ಲಿ ನಮ್ಮೂರಿನಲ್ಲಿ ಆ ಸುಗ್ಗಿಯಲ್ಲಿ, ಚಹದಂಗಡಿಯ ಮುಂದೆ, ಹಾಲಿನ ಡೇರಿಯಲ್ಲಿ, ಮಸೀದಿಯ ಕಟ್ಟೆಯ ಬಳಿ, 'ಕಲ್ಲು ಎತ್ತಿದ್ರೇನ್ರಿ?' ಎಂಬುದೇ ಮಾತಾಯಿತು. ಎತ್ತಿದ ಕಲ್ಲುಗಳನ್ನು ಬೇವಿನ ಮರದ ಸುತ್ತ ತಂದು ಹಾಕಿದರು. ಊರಿನ ಗೌಂಡಿಯೊಬ್ಬರು ಅವನ್ನು ಜೋಡಿಸಿ ಮಣ್ಣು ಮೆತ್ತಿ ಕಟ್ಟೆ ಕಟ್ಟಿಕೊಟ್ಟರು. ನಮ್ಮ ಅರ್ಧ ಬೀಸುಕಲ್ಲು ಅದರ ಮುಂಭಾಗದಲ್ಲಿ ಕುಳಿತಿದೆ. ಒಳಗೆ ಎಲ್ಲಾದರೂ ಹಾಕು ಎಂದು ಗೌಂಡಿಗೆ ಹೇಳುವ ಆಸೆಯಾಗಿತ್ತು. ಹೇಳಲಿಲ್ಲ.

ನವೆಂಬರಿನಲ್ಲಿ ಒಂದು ಮಧ್ಯಾಹ್ನ, ಊಟದ ನಂತರದ ಎರಡನೆಯ ಪೀರಿಯಡ್ ನಡೆದಿದ್ದಾಗ, ಹೇಳದೆ ಕೇಳದೆ ಗುಡುಗು ಬಂತು. ಗ್ರೌಂಡಿನ ತುಂಬ ಊರಿನ ಗೋವಿನಜೋಳ. ರೈತರೆಲ್ಲ ಕಬ್ಬಿನ ಹೊಲಗಳಲ್ಲಿ. ಜವಾನ ಗಂಟೆ ಬಾರಿಸುವ ಮೊದಲೇ ಮಕ್ಕಳು ಹೊರಗೆ ಬಿದ್ದಿದ್ದರು. ಹಲಗೆ ಹಿಡಿದು ರಾಶಿ ಮಾಡುವವರು ಕೆಲವರು, ತಾಡಪತ್ರಿ ಎಳೆಯುವವರು ಕೆಲವರು. ಗಣಿತದ ಮಾಸ್ತರರು ಪ್ಯಾಂಟು ಮಡಚಿದ್ದರು, ಮೇಡಂ ಸೀರೆಯ ನೆರಿಗೆ ಸಿಕ್ಕಿಸಿದ್ದರು. ಗಾಳಿ ಎದ್ದಿತು, ತಾಡಪತ್ರಿಯ ಅಂಚುಗಳು ಹಾರತೊಡಗಿದವು. ಅಂಚಿಗೆ ಇಡಲು ಗ್ರೌಂಡಿನಲ್ಲಿ ಒಂದೂ ಕಲ್ಲಿಲ್ಲ. ಎಲ್ಲವನ್ನೂ ನಾನೇ ಆಯಿಸಿದ್ದೆನಲ್ಲ!

'ಕುಂದರ್ರೀ!' ಎಂದು ಕೂಗಿದಳು ಎರಡು ಜಡೆಯವಳು.

ಮಕ್ಕಳು ಕುಳಿತರು. ತಾಡಪತ್ರಿಯ ಅಂಚಿನ ಮೇಲೆ ಒಬ್ಬರ ಪಕ್ಕ ಒಬ್ಬರು, ಒಬ್ಬಳು ಈ ಕಡೆ ಮುಖ, ಮುಂದಿನವಳು ಆ ಕಡೆ ಮುಖ. ಖೋ ಖೋ ಸಾಲಿನಲ್ಲಿ ಕುಳಿತು ಕುಳಿತು ಅವರಿಗೆ ಬೇರೆ ಥರ ಕೂರಲು ಬರುವುದೇ ಇಲ್ಲ. ಮಳೆ ಸುರಿಯಿತು. ಒಬ್ಬರೂ ಏಳಲಿಲ್ಲ. ಕಾಕಾ ಹೊಲದಿಂದ ಓಡಿ ಬಂದು ಗೇಟಿನಲ್ಲಿ ಏದುಸಿರು ಬಿಡುತ್ತಾ ನಿಂತಾಗ ಕಂಡದ್ದು ಇದು: ಕಲ್ಲಿನ ಜಾಗದಲ್ಲಿ ಮಕ್ಕಳು, ಅವರ ಕೆಳಗೆ ತಮ್ಮ ಕಾಳು ಒಣಗಿಯೇ ಇದೆ. ಅವರೂ ಹೋಗಿ ಸಾಲಿನ ತುದಿಯಲ್ಲಿ ಕುಳಿತರು. ನನಗೆ ಆ ದಿನ ಆದಷ್ಟು ಹೆಮ್ಮೆ ಯಾವ ಕಪ್ಪು ಗೆದ್ದಾಗಲೂ ಆಗಿರಲಿಲ್ಲ. ನಾನು ಕಲಿಸಿದ್ದು ಬರೀ ಕೂರುವ ಪದ್ಧತಿ. ಯಾವಾಗ, ಯಾರಿಗಾಗಿ ಕೂರಬೇಕೆಂಬುದನ್ನು ಅವರೇ ಕಲಿತಿದ್ದರು.

ಡಿಸೆಂಬರಿನಲ್ಲಿ ಅಥಣಿಗೆ ನಾಯಕಿ ಇಲ್ಲದೆ ಹೋಗಿ ಸೆಮಿಫೈನಲ್‌ನಲ್ಲಿ ಸೋತು ಬಂದೆವು. ಕೆಟ್ಟದೇನೂ ಆಡಲಿಲ್ಲ. ಬಸ್ಸಿನಲ್ಲಿ ಹುಡುಗಿಯರು ಅತ್ತರು, ಕಾಗವಾಡದ ಕ್ರಾಸ್ ದಾಟುವಷ್ಟರಲ್ಲಿ ಶೇಂಗಾ ತಿಂದು ನಕ್ಕರು. ನಾನು ಬೈಯಲಿಲ್ಲ, ಅದೇ ಅವರಿಗೆ ಹೆಚ್ಚು ಗಾಬರಿ ಹುಟ್ಟಿಸಿತು.

ಅಷ್ಟು ಹೊತ್ತಿಗೆ ಪ್ಲಾಸ್ಟರ್ ತೆಗೆದಿದ್ದರು ಎಂಬ ಸುದ್ದಿ ಬಂದಿತ್ತು. ಆದರೆ ಹುಡುಗಿ ಬರಲಿಲ್ಲ. ಒಂದು ವಾರ ಕಳೆಯಿತು. ಪಾಠಗಳ ನೋಟ್ಸನ್ನು ಗೆಳತಿಯರು ಮನೆಗೆ ಒಯ್ದು ಕೊಡುತ್ತಿದ್ದರು. ಅಪ್ಪನಿಗೆ ಹೇಳಿ ಕಳಿಸೋಣವೇ ಎಂದು ಮೇಡಂ ಕೇಳಿದರು. ಬೇಡ ಎಂದೆ. ಮಾತು ಸಾಕು ಎಂದಿದ್ದನಲ್ಲ ಅವನು. ಕಬ್ಬು ತುಂಬಿಕೊಂಡು ಅವನು ದಿನವೂ ಅದೇ ರಸ್ತೆಯ ಮೇಲೆ ಹೋಗಿ ಬರುತ್ತಿದ್ದ, ತನ್ನ ಕಣ್ಣಿನಿಂದಲೇ ನೋಡುತ್ತಿದ್ದ. ಒಮ್ಮೆ ಶಾಲೆಯ ಮುಂದೆ ಖಾಲಿ ಟ್ರೇಲರ್ ಎಳೆದುಕೊಂಡು ಹೋಗುವಾಗ ನಿಧಾನ ಮಾಡಿ ಬೇವಿನ ಕಟ್ಟೆಯ ಕಡೆ ನೋಡಿದ. ನಾನು ಕೈ ಎತ್ತಿದೆ. ಅವನು ಹಾರ್ನ್ ಕೂಡ ಹಾಕದೆ ಹೋದ. ಆ ದಿನಗಳಲ್ಲಿ ನನ್ನ ಹೆಂಡತಿ ನಾನು ಸರಿಯಾಗಿ ಉಣ್ಣುತ್ತಿಲ್ಲ ಎಂದು ಮರಾಠಿಯಲ್ಲಿ ಬೈದಳು.

ಒಂದು ಸೋಮವಾರ ಬೆಳಗ್ಗೆ ಹಾಗೇ ಮಂಜು. ಸುಗ್ಗಿ ಮುಗಿದಿತ್ತು, ಗ್ರೌಂಡು ಮತ್ತೆ ಪೂರ್ತಿ ನಮ್ಮದಾಗಿತ್ತು, ಮೂಲೆಯಲ್ಲಿ ಮಾತ್ರ ಗುಬ್ಬಿಗಳು ಉಳಿದ ಕಾಳು ಹೆಕ್ಕುತ್ತಿದ್ದವು. ನಾನು ಸೀಟಿ ಊದಲಿಲ್ಲ. ಆರು ಹೊಡೆಯಿತು. ಹುಡುಗಿಯರು ಓಡಲು ಶುರು ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಗೇಟಿನ ಕಡೆಯಿಂದ ಸೈಕಲ್ಲಿನ ಚೈನಿನ ಸದ್ದು ಕೇಳಿತು. ಮಂಜಿನೊಳಗಿಂದ ಮೊದಲು ಸೈಕಲ್ಲು, ಆಮೇಲೆ ಅವಳು. ಎಡಗೈ ಇನ್ನೂ ಸಣ್ಣಗೆ ಕಾಣುತ್ತಿತ್ತು. ಹಣೆಯ ಮೇಲೆ ಗೆರೆ ಉಳಿದಿತ್ತು. ಸೈಕಲ್ಲನ್ನು ಬೇವಿನ ಕಟ್ಟೆಗೆ ಒರಗಿಸಿ, ಚಪ್ಪಲಿ ಬಿಟ್ಟು, ನೆಟ್ಟಗೆ ನನ್ನ ಎದುರಿಗೆ ಬಂದು ನಿಂತಳು. ಕೈಗೆ ಮಣ್ಣು ಮೆತ್ತಿತ್ತು.

ಅವಳಿಗೆ ಹೇಳಬೇಕೆಂದು ಎರಡು ತಿಂಗಳಿಂದ ಇಟ್ಟುಕೊಂಡಿದ್ದ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ.

'ಆರು ಹೊಡದು ಐದು ಮಿನಿಟ ಆಗೇತ್ರಿ ಸರ್,' ಎಂದಳು. 'ಟೀಮಿನ್ಯಾಗ ಅದೀನೋ ಇಲ್ಲೋ ಹೇಳ್ರಿ.'

ಬಾಕಿ ಹುಡುಗಿಯರು ಓಡುವುದನ್ನು ನಿಲ್ಲಿಸಿದ್ದರು.

'ಯಾಕ ತಡಾ ಆತು?' ಎಂದು ಕೇಳಿದೆ. ಬೇರೆ ಏನು ಕೇಳಬೇಕೋ ತಿಳಿಯಲಿಲ್ಲ.

'ಹಳ್ಳ ದಾಟೂ ನಾಕನೇ ಪೂಲಿನ ಹತ್ರ ಒಂದು ಕಲ್ಲು ಇತ್ರಿ. ಯಾರದೋ ಗೊತ್ತಿಲ್ಲ. ಇಳದು ಎತ್ತಿ ಬಾಜೂಕ ಇಟ್ಟು ಬಂದ್ನಿ.'

'ಅದೀಯವ್ವ, ಟೀಮಿನ್ಯಾಗ ಅದಿ,' ಎಂದೆ. 'ಹೋಗು, ನಿನ್ನ ಜಾಗದಾಗ ಕುಂದ್ರು.'

ಅವಳು ಓಡಿ ಹೋಗಿ ಸಾಲಿನಲ್ಲಿ ಕುಳಿತಳು. ಪಕ್ಕದವಳು ಆ ಕಡೆ ಮುಖ ಮಾಡಿದ್ದಳು, ಇವಳು ಈ ಕಡೆ ಮುಖ ಮಾಡಿದಳು. ಆ ಐದು ನಿಮಿಷವನ್ನು ನಾನು ನನ್ನ ಹಾಜರಿ ಪುಸ್ತಕದಲ್ಲಿ ತಡ ಎಂದು ಬರೆಯಲಿಲ್ಲ. ಇಷ್ಟು ವರ್ಷಗಳ ನೌಕರಿಯಲ್ಲಿ ನನ್ನ ಕಾಯಿದೆಯನ್ನು ನಾನೇ ಮುರಿದದ್ದು ಅದೊಂದೇ ಸಲ.